ನೆರಳಿಗೆ ‘ಅದು’ ಅನ್ನಬೇಕಾ, ‘ಅವನು’ ಅನ್ನಬೇಕಾ?

ಕಳೆದ ವರ್ಷ ಪೂರ್ತಿ ನನ್ನ ಬೆಳಗಿನ ಒಂದು ಗಂಟೆ ಒಂದೇ ಪುಸ್ತಕಕ್ಕೆ ಹೋಯಿತು. ಅಮೆರಿಕದ ರಿಚರ್ಡ್ ಬ್ರಾಟಿಗನ್ ಅವರ ‘ದಿ ಹಾಕ್‌ಲೈನ್ ಮಾನ್‌ಸ್ಟರ್’, 1974ರ ಕಾದಂಬರಿ. ಹೆಸರಿನ ಕೆಳಗೆ ‘ಎ ಗಾಥಿಕ್ ವೆಸ್ಟರ್ನ್’ ಅಂತ ಅವರೇ ಬರೆದಿದ್ದಾರೆ. ಭೂತ ಬಂಗಲೆಯ ಕಥೆಯೂ ಹೌದು, ಕೌಬಾಯ್ ಕಥೆಯೂ ಹೌದು. ನಗುವೂ ಬರುತ್ತದೆ, ಆದರೆ ಸಾವಿನ ಪಕ್ಕದಲ್ಲೇ ಕೂತು ಬರುವ ನಗು. ಪ್ರಕಟಿಸುವ ಹಕ್ಕು ನನ್ನ ಹತ್ತಿರ ಇಲ್ಲ. ನಮ್ಮಕ್ಕನಿಗೆ ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸವಿಲ್ಲ. ಅವಳಿಗೆ ಓದಿ ಹೇಳಬೇಕು ಅಂತಲೇ ಇದನ್ನು ಕನ್ನಡಕ್ಕೆ ತಂದೆ.

ಕಥೆ ನಡೆಯುವುದು 1902ರ ಬೇಸಿಗೆಯಲ್ಲಿ. ಗ್ರೀರ್ ಮತ್ತು ಕ್ಯಾಮರನ್ ದುಡ್ಡಿಗೆ ಕೊಲೆ ಮಾಡುವವರು. ಶುರುವಿನಲ್ಲಿ ಹವಾಯಿಯ ಅನಾನಸ್ ತೋಟದಲ್ಲಿ ಬಂದೂಕು ಹಿಡಿದು ಕೂತಿರುತ್ತಾರೆ. ಎದುರಿಗೆ ಒಬ್ಬ ತನ್ನ ಮಗನಿಗೆ ಕುದುರೆ ಸವಾರಿ ಕಲಿಸುತ್ತಿದ್ದಾನೆ. ಅವನನ್ನು ಕೊಲ್ಲಲು ಇವರ ಕೈಲಾಗುವುದಿಲ್ಲ. ವಾಪಸ್ ಬಂದ ಮೇಲೆ ಮ್ಯಾಜಿಕ್ ಚೈಲ್ಡ್ ಎಂಬ ಹುಡುಗಿ ಇವರನ್ನು ಪೂರ್ವ ಓರೆಗಾನ್‌ನ ಒಂದು ಹಳದಿ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಮನೆಯ ಅಡಿಯಲ್ಲಿ ಮಂಜುಗಡ್ಡೆಯ ಗುಹೆಗಳಿವೆ. ಅಲ್ಲೊಂದು ಏನೋ ಇದೆ, ಅದನ್ನು ಕೊಲ್ಲಬೇಕು.

ನನಗೆ ಮೊದಲು ಹಿಡಿತ ಸಿಕ್ಕಿದ್ದು ಆ ಜಾಗದಿಂದ. ಓರೆಗಾನ್ ಅಂದರೆ ಹಸಿರು ಕಾಡು, ಮಳೆ ಅಂದುಕೊಂಡಿದ್ದೆ. ಅದು ಪಶ್ಚಿಮದ ಅರ್ಧ ಮಾತ್ರ. ಸಮುದ್ರದಿಂದ ಬರುವ ಮೋಡಗಳನ್ನು ಕ್ಯಾಸ್ಕೇಡ್ ಬೆಟ್ಟಸಾಲು ತಡೆಯುತ್ತದೆ. ಅದರಾಚೆ ಪೂರ್ವಕ್ಕೆ ಒಣ ಗುಡ್ಡ, ದನ ಮೇಯುವ ಬಯಲು. ನಾನು ಹಿರಿಯೂರು ಕಡೆಯವನು. ಸಹ್ಯಾದ್ರಿ ದಾಟಿ ಬರುವಷ್ಟರಲ್ಲಿ ಮೋಡ ಖಾಲಿಯಾಗಿರುವುದನ್ನು ಹುಟ್ಟಿದಾಗಿನಿಂದ ನೋಡಿದವನು. ಇಂಥ ಸೀಮೆಗೆ ಮಳೆ ನೆರಳಿನ ಪ್ರದೇಶ ಅಂತೀವಿ ಅಲ್ವಾ? ಆ ಮಾತು ಹೊಳೆದ ದಿನ ಬಹಳ ಖುಷಿಯಾಯಿತು. ಯಾಕೆಂದರೆ ಈ ಕಾದಂಬರಿಯ ಮುಖ್ಯ ಪಾತ್ರಗಳಲ್ಲಿ ಒಂದು ನೆರಳು.

ಅಧ್ಯಾಯಗಳು ಪುಟ್ಟವು. ಕೆಲವು ಒಂದು ಪುಟವೂ ಇಲ್ಲ. ದಿನಕ್ಕೆ ಒಂದು ಅಂತ ಇಟ್ಟುಕೊಂಡೆ. ಮೊದಲ ತಿಂಗಳ ಕೆಲಸವನ್ನೆಲ್ಲ ಆಮೇಲೆ ತೆಗೆದುಹಾಕಬೇಕಾಯಿತು. ಭಯದ ಕಥೆ ಅಂದ ತಕ್ಷಣ ನನ್ನ ಕೈ ತಾನಾಗಿಯೇ ‘ಎದೆ ಝಲ್ಲೆಂದಿತು’, ‘ಗವ್ವೆನ್ನುವ ಕತ್ತಲು’ ಅಂತ ಬರೆದಿತ್ತು. ಚಿಕ್ಕಂದಿನಲ್ಲಿ ಓದಿದ ಪತ್ತೇದಾರಿ ಕಾದಂಬರಿಗಳ ಭಾಷೆ ಅದು. ಬ್ರಾಟಿಗನ್ ಹಾಗೆ ಬರೆಯುವುದಿಲ್ಲ. ಭಯಂಕರವಾದದ್ದನ್ನೂ ಅಂಗಡಿ ಲೆಕ್ಕ ಹೇಳಿದ ಹಾಗೆ ಹೇಳುತ್ತಾರೆ. ಕ್ಯಾಮರನ್ ಅಂತೂ ಕಂಡದ್ದನ್ನೆಲ್ಲ ಎಣಿಸುತ್ತಾನೆ, ಹಡಗಿನಲ್ಲಿ ತಾನು ವಾಂತಿ ಮಾಡಿದ್ದನ್ನೂ ಬಿಡದೆ. ಆಶ್ಚರ್ಯದ ಗುರುತುಗಳನ್ನೆಲ್ಲ ಒಂದೊಂದಾಗಿ ಅಳಿಸಿದೆ. ಸಮತಟ್ಟಾದ ಆ ದನಿಯೇ ದೆವ್ವ, ಬಂದೂಕು, ನಗು ಮೂರನ್ನೂ ಒಂದೇ ಗಾಡಿಗೆ ಕಟ್ಟಿರುವುದು. ಅದು ತಪ್ಪಿದರೆ ಮೂರೂ ಬೇರೆ ಬೇರೆ ಕಥೆಗಳಾಗುತ್ತವೆ.

ಆಮೇಲೆ ಶುರುವಾಯಿತು ನಿಜವಾದ ಕಷ್ಟ: ಅವಳು, ಅವರು, ಅದು.

ಇಂಗ್ಲಿಷ್‌ನಲ್ಲಿ ಎಲ್ಲ ಹೆಂಗಸರಿಗೂ ಒಂದೇ ಪದ. ಕನ್ನಡದಲ್ಲಿ ಮ್ಯಾಜಿಕ್ ಚೈಲ್ಡ್ ‘ಬಂದಳು’, ಮನೆಯೊಡತಿ ಮಿಸ್ ಹಾಕ್‌ಲೈನ್ ‘ಬಂದರು’. ಸರಿ. ಆದರೆ ಮನೆ ಸೇರಿದ ಮೇಲೆ ಮ್ಯಾಜಿಕ್ ಚೈಲ್ಡ್ ಇನ್ನೊಬ್ಬ ಮಿಸ್ ಹಾಕ್‌ಲೈನ್ ಆಗಿಬಿಡುತ್ತಾಳೆ. ಇಬ್ಬರಲ್ಲಿ ಯಾರು ಯಾರು ಅಂತ ಗೊತ್ತಾಗುವುದಿಲ್ಲ. ಯಾವ ವಾಕ್ಯದಲ್ಲಿ ಅವಳು ‘ಅವರು’ ಆಗಬೇಕು? ನಾಲ್ಕು ಸಲ ಬದಲಾಯಿಸಿದೆ. ಕೊನೆಗೆ ಯಾವ ವಿವರಣೆಯೂ ಇಲ್ಲದೆ, ಪ್ಯಾರಾದ ನಡುವೆಯೇ ‘ಹೋದಳು’ ಇದ್ದದ್ದನ್ನು ‘ಕೂತರು’ ಮಾಡಿದೆ. ಓದಿ ಹೇಳುವಾಗ ಅಕ್ಕ ತಡೆದಳು. ‘ಇರು, ಯಾರು ಕೂತಿದ್ದು?’ ಅಂದಳು. ನನಗೆ ಬೇಕಾಗಿದ್ದೂ ಅದೇ ಪ್ರಶ್ನೆ.

ಆ ಮನೆಯ ಬಟ್ಲರ್ ಸಾಯುವ ಭಾಗ ಇನ್ನೂ ಸೂಕ್ಷ್ಮ. ಅವನು ದೈತ್ಯದೇಹದ ಮುದುಕ. ಸತ್ತ ಮೇಲೆ ದೇಹ ಕುಗ್ಗಿ ಕುಬ್ಜನಷ್ಟಾಗುತ್ತದೆ, ಸೂಟ್‌ಕೇಸಿನಲ್ಲಿ ಇಟ್ಟು ಹೂಳುತ್ತಾರೆ. ನಮ್ಮಲ್ಲಿ ಮನೆಯವರು ತೀರಿಕೊಂಡರೆ ‘ಅವರನ್ನು ಮಣ್ಣು ಮಾಡಿದೆವು’ ಅಂತೀವಿ. ಬೇರೆಯವರಾದರೆ ‘ಹೆಣ ಎತ್ತಿದರು’. ‘ಅದನ್ನು ಸೂಟ್‌ಕೇಸಿಗೆ ಹಾಕಿದರು’ ಅಂದರೆ ಸಾಮಾನಿನ ಹಾಗೆ ಕೇಳಿಸುತ್ತದೆ. ‘ಬಟ್ಲರನ್ನು ಸೂಟ್‌ಕೇಸಿನಲ್ಲಿ ಮಲಗಿಸಿದರು’ ಅಂತ ಬರೆದೆ. ಅಕ್ಕ ನಕ್ಕಳು, ನಕ್ಕು ಸುಮ್ಮನಾದಳು. ಆ ಮೌನಕ್ಕೇ ನಾನು ಕೆಲಸ ಮಾಡಿದ್ದು.

ಆನೆಯ ಕಾಲಿನಿಂದ ಮಾಡಿದ ಛತ್ರಿ ಸ್ಟ್ಯಾಂಡ್ ಒಂದಿದೆ. ಆ ಕಾಲದ ಶ್ರೀಮಂತರ ಮನೆಗಳಲ್ಲಿ ಇಂಥವು ನಿಜವಾಗಿ ಇರುತ್ತಿದ್ದವು. ಇಲ್ಲಿ ಅದು ಮಿಸ್ ಹಾಕ್‌ಲೈನ್ ಅವರ ಕಾಣೆಯಾದ ಅಪ್ಪನೇ, ಛತ್ರಿ ಸ್ಟ್ಯಾಂಡ್ ಆಗಿಹೋಗಿದ್ದಾರೆ. ಗುಟ್ಟು ಮೊದಲೇ ಬಿಟ್ಟುಕೊಡಬಾರದು, ಸುಳ್ಳೂ ಹೇಳಬಾರದು. ‘ಇತ್ತು’ ಅನ್ನುವ ಕಡೆಯೆಲ್ಲ ‘ನಿಂತಿತ್ತು’ ಅಂತ ಮಾಡಿದೆ. ವಸ್ತುವೂ ನಿಲ್ಲುತ್ತದೆ, ಮನುಷ್ಯನೂ ನಿಲ್ಲುತ್ತಾನೆ.

ಈಗ ನೆರಳು. ಮನೆಯಲ್ಲಿರುವುದು ರಾಸಾಯನಿಕಗಳಿಂದ ಹುಟ್ಟಿದ ಒಂದು ಬೆಳಕು. ಕಿಡಿಗೇಡಿ ಬೆಳಕು, ಕೇಡು ಮಾಡುವುದೇ ಅದಕ್ಕೆ ಆಟ. ಅದರ ಹಿಂದೆಯೇ ಒಂದು ನೆರಳು ಹೋಗುತ್ತದೆ, ಬೇರೆ ದಾರಿಯಿಲ್ಲದೆ. ಬೆಳಕು ಮಾಡುವುದು ನೆರಳಿಗೆ ಇಷ್ಟವಿಲ್ಲ. ಅದಕ್ಕೆ ನಾಚಿಕೆಯಾಗುತ್ತದೆ. ಇಷ್ಟೊಂದು ಮನಸ್ಸಿರುವ ಜೀವವನ್ನು ‘ಅದು’ ಅನ್ನಲು ನನಗೆ ಮನಸ್ಸಾಗಲಿಲ್ಲ. ಒಂದು ಇಡೀ ಕರಡಿನಲ್ಲಿ ‘ಅವನು’ ಅಂತ ಬರೆದೆ. ತಕ್ಷಣ ನೆರಳಿಗೆ ಪ್ಯಾಂಟು, ಟೋಪಿ ಬಂದ ಹಾಗಾಯಿತು. ಸರ್ವನಾಮ ಬಿಟ್ಟು ಬರೆಯೋಣ ಅಂದರೆ ನಮ್ಮ ಕ್ರಿಯಾಪದ ಬಿಡುವುದಿಲ್ಲ. ಯೋಚಿಸಿತು, ಯೋಚಿಸಿದ, ಎರಡರಲ್ಲಿ ಒಂದು ಹೇಳಲೇಬೇಕು.

ಒಂದು ಸಂಜೆ ಅಕ್ಕನ ಮೊಮ್ಮಗು ಅಳುತ್ತಿತ್ತು. ‘ಪಾಪ, ಅದಕ್ಕೆ ಹಸಿವಾಗಿದೆ ಕಣೋ’ ಅಂತ ಎತ್ತಿಕೊಂಡಳು. ಕೂಸಿಗೆ, ಕರುವಿಗೆ ನಾವು ‘ಅದು’ ಅನ್ನುವುದು ಕೀಳು ಮಾಡಿ ಅಲ್ಲ. ಅದಕ್ಕೆ ಯಾರೂ ದಿಕ್ಕಿಲ್ಲ, ನಾವು ನೋಡಿಕೊಳ್ಳಬೇಕು ಅನ್ನುವ ‘ಅದು’ ಅದು. ಮಾರನೆಯ ದಿನ ಬೆಳಿಗ್ಗೆ ಕೂತು ‘ಅವನು’ ಇದ್ದ ಕಡೆಯೆಲ್ಲ ‘ಅದು’ ಅಂತ ತಿದ್ದಿದೆ. ಪೂರ್ತಿ ಮುಗಿಯಲು ಮೂರು ದಿನ ಬೇಕಾಯಿತು.

ಆ ವಾರ ನೆರಳಿನ ಅಧ್ಯಾಯ ಓದಿ ಹೇಳಿದೆ. ಅಕ್ಕ ಅವರೆಕಾಳು ಬಿಡಿಸುತ್ತಾ ಕೇಳುತ್ತಿದ್ದಳು. ಕೈ ನಿಂತಿತು.

‘ಪಾಪ, ಅದೇನು ಮಾಡೀತು, ಬೆಳಕು ಎಳೆದ ಕಡೆ ಹೋಗಬೇಕಲ್ಲ’ ಅಂದಳು. ಆಮೇಲೆ, ‘ಮುಂದೆ ಓದು’ ಅಂದಳು.