ಕೊಲೆಸ್ಟ್ರಾಲ್ ಮಾತ್ರೆ ಜೊತೆ ಗಿಡಮೂಲಿಕೆ ಕ್ಯಾಪ್ಸೂಲ್ ತಗೊಳ್ಳೋರು ಇಷ್ಟನ್ನ ನೋಡ್ಕೊಳ್ಳಿ

ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ನೋಡೋ ರಕ್ತ ಪರೀಕ್ಷೆ) ರಿಪೋರ್ಟ್ ಬಂದು ಡಾಕ್ಟ್ರು ಸ್ಟ್ಯಾಟಿನ್, ಅಂದ್ರೆ ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ ಬರ್ಕೊಟ್ರು ಅಂತ ಮನೇಲಿ ಗೊತ್ತಾದ ತಕ್ಷಣ ಬೆಳ್ಳುಳ್ಳಿ, ಗುಗ್ಗುಲು, ಅರ್ಜುನ ಚಕ್ಕೆ, ಅಮೃತಬಳ್ಳಿ ಅಂತ ಒಬ್ಬೊಬ್ರು ಒಂದೊಂದು ಹೇಳೋಕೆ ಶುರು ಮಾಡ್ತಾರೆ, ವಾಟ್ಸಾಪ್ ಫಾರ್ವರ್ಡ್ ಬೇರೆ, ಕೊನೆಗೆ ಬೆಳಗ್ಗೆ ಕಷಾಯ ಮಧ್ಯಾಹ್ನ ಕ್ಯಾಪ್ಸೂಲ್ ರಾತ್ರಿ ಮಾತ್ರೆ ಅಂತಾಗುತ್ತೆ. ಇದ್ರಲ್ಲಿ ಯಾರೂ ಕೆಟ್ಟದ್ದು ಬಯಸಿ ಹೇಳಿರಲ್ಲ. ಆದ್ರೆ ಗಿಡದ್ದಾದ್ರೂ ಫ್ಯಾಕ್ಟರೀದಾದ್ರೂ ಅದನ್ನ ಅರಗಿಸಿ ಹೊರಗೆ ಹಾಕೋ ಕೆಲಸ ಹೆಚ್ಚಾಗಿ ಬೀಳೋದು ಲಿವರ್ ಮೇಲೇನೇ, ಅಲ್ಲೇ ಎರಡೂ ಒಂದಕ್ಕೊಂದು ಅಡ್ಡ ಬರೋದು.

ಮೊದ್ಲು ಮಾತ್ರೆ ಸ್ಟ್ರಿಪ್ ತಿರುಗಿಸಿ ಹಿಂದುಗಡೆ ಸಣ್ಣ ಅಕ್ಷರದಲ್ಲಿರೋದನ್ನ ಓದಿ, ಕಂಪನಿ ಇಟ್ಟಿರೋ ಹೆಸರು ಬೇಡ, ಒಳಗಿರೋ ಔಷಧಿ ಹೆಸರು ಬೇಕು. ಅಟೊರ್ವಾಸ್ಟಾಟಿನ್ ಅಥವಾ ಸಿಮ್ವಾಸ್ಟಾಟಿನ್ ಅಂತಿದ್ರೆ ಜಾಸ್ತಿ ಹುಷಾರಾಗಿರ್ಬೇಕು, ಯಾಕಂದ್ರೆ ಇವನ್ನ ಕರಗಿಸೋದು ಕರುಳು ಮತ್ತು ಲಿವರ್‌ನಲ್ಲಿರೋ ಸಿಪ್ 3ಎ4 ಅನ್ನೋ ಕಿಣ್ವ (ಎನ್‌ಜೈಮ್), ಎಷ್ಟೋ ಗಿಡಮೂಲಿಕೆಗಳು ಕೈ ಹಾಕೋದೂ ಅದಕ್ಕೇನೆ. ಕಿಣ್ವ ನಿಧಾನ ಆದ್ರೆ ಮಾತ್ರೆ ರಕ್ತದಲ್ಲಿ ಜಮಾ ಆಗಿ ಮಾಂಸಖಂಡಕ್ಕೆ ಪೆಟ್ಟು, ಜೋರಾದ್ರೆ ಮಾತ್ರೆ ಕೆಲಸಾನೇ ಮಾಡಲ್ಲ. ರೋಸುವಾಸ್ಟಾಟಿನ್, ಪ್ರವಾಸ್ಟಾಟಿನ್‌ಗೆ ಈ ಕಿಣ್ವದ ತಂಟೆ ಅಷ್ಟಿಲ್ಲ, ಆದ್ರೆ ಅದರರ್ಥ ಏನ್ ಬೇಕಾದ್ರೂ ತಗೋಬಹುದು ಅಂತಲ್ಲ. ಇನ್ನೊಂದು, ಹೆಸರಿನ ಕೊನೇಲಿ ಗೋಲ್ಡ್ ಅಂತ ಇರೋ ಹಾರ್ಟ್ ಕ್ಯಾಪ್ಸೂಲ್‌ಗಳಲ್ಲಿ ಸಾಮಾನ್ಯವಾಗಿ ಸ್ಟ್ಯಾಟಿನ್ ಜೊತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಸೇರಿರುತ್ತೆ, ತುಂಬಾ ಜನಕ್ಕೆ ತಾವು ರಕ್ತ ತೆಳು ಮಾಡೋ ಔಷಧಿ ತಗೊಳ್ತಿದೀವಿ ಅನ್ನೋದೇ ಗೊತ್ತಿರಲ್ಲ. ಅಂಥೋರು ಬೆಳ್ಳುಳ್ಳಿ ಕ್ಯಾಪ್ಸೂಲ್ ಸೇರಿಸ್ಕೊಂಡ್ರೆ ಹಲ್ಲುಜ್ಜುವಾಗ ರಕ್ತ, ಸುಮ್ನೆ ತಾಗಿದ್ರೂ ಮೈಮೇಲೆ ನೀಲಿ ಕಲೆ ಹೀಗೆಲ್ಲ ಆಗಬಹುದು.

ಅಡುಗೆ ಮನೆ ಅಳತೆ ಬೇರೆ, ಕ್ಯಾಪ್ಸೂಲ್ ಅಳತೆ ಬೇರೆ. ಸಾರಿಗೆ ಹಾಕೋ ಬೆಳ್ಳುಳ್ಳಿ, ಪಲ್ಯಕ್ಕೆ ಹಾಕೋ ಚಿಟಿಕೆ ಅರಿಶಿನ, ಒಗ್ಗರಣೆ ಮೆಂತ್ಯ ಇವಕ್ಕೆಲ್ಲ ಹೆದರಬೇಡಿ, ಆರಾಮಾಗಿ ತಿನ್ನಿ. ಅದೇ ಅರಿಶಿನದ ಸಾರ ತೆಗೆದು, ಮೈಗೆ ಹೆಚ್ಚು ಹತ್ಲಿ ಅಂತ ಕರಿಮೆಣಸಿನ ಪೈಪರಿನ್ ಸೇರಿಸಿ ಮಾಡಿರೋ ಕ್ಯಾಪ್ಸೂಲ್‌ನಿಂದ ಲಿವರ್‌ಗೆ ಏಟು ಬಿದ್ದಿರೋ ಕೇಸುಗಳು ವರದಿಯಾಗಿವೆ, ಪೈಪರಿನ್ ಬೇರೆ ಔಷಧಿಗಳ ಮಟ್ಟಾನೂ ಏರಿಸಬಲ್ಲದು. ಗ್ರೀನ್ ಟೀ ಎಕ್ಸ್‌ಟ್ರಾಕ್ಟ್, ಅಶ್ವಗಂಧ, ಅಮೃತಬಳ್ಳಿ ಇವುಗಳಿಂದ್ಲೂ ಲಿವರ್ ತೊಂದರೆ ವರದಿಯಾಗಿದೆ, ಕೋವಿಡ್ ಟೈಮಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಕಾಮಾಲೆ ಆದೋರ ಬಗ್ಗೆ ಮುಂಬೈ ಡಾಕ್ಟ್ರುಗಳೇ ಬರೆದಿದ್ರು.

ಜೊತೆಗೆ ತಗೊಳ್ಳಲೇಬಾರದು ಅಂತ ನಾನು ಖಡಾಖಂಡಿತವಾಗಿ ಹೇಳೋದು ರೆಡ್ ಯೀಸ್ಟ್ ರೈಸ್ ಬಗ್ಗೆ. ಕೆಂಪು ಬೂಷ್ಟು ಬೆಳೆಸಿದ ಅಕ್ಕಿ ಅದು, ಆನ್‌ಲೈನಲ್ಲಿ ನ್ಯಾಚುರಲ್ ಅಂತ ಸಿಗುತ್ತೆ, ಅದರಲ್ಲಿರೋ ಮೊನಾಕೊಲಿನ್ ಕೆ ಅಂದ್ರೆ 1987ರಲ್ಲಿ ಅಮೆರಿಕದಲ್ಲಿ ಮಾತ್ರೆಯಾಗಿ ಬಂದ ಲೋವಾಸ್ಟಾಟಿನ್ನೇ, ಹಾಗಾಗಿ ಸ್ಟ್ಯಾಟಿನ್ ಮೇಲೆ ಅದನ್ನೂ ತಗೊಂಡ್ರೆ ಎರಡೆರಡು ಸ್ಟ್ಯಾಟಿನ್ ನುಂಗಿದ ಹಾಗೆ. ಡಬ್ಬಿಯಿಂದ ಡಬ್ಬಿಗೆ ಎಷ್ಟಿರುತ್ತೆ ಅನ್ನೋದೂ ಬೇರೆ ಬೇರೆ. 2024ರಲ್ಲಿ ಜಪಾನಲ್ಲಿ ಇದೇ ಅಕ್ಕಿಯ ಸಪ್ಲಿಮೆಂಟ್ ತಗೊಂಡು ಎಷ್ಟೋ ಜನರ ಕಿಡ್ನಿ ಕೆಟ್ಟು ಮಾಲನ್ನೆಲ್ಲ ವಾಪಸ್ ತರಿಸ್ಕೊಂಡ್ರು.

ಗುಗ್ಗುಲು ಬಗ್ಗೆ ಕೇಳೋರು ಜಾಸ್ತಿ. 2003ರಲ್ಲಿ ಅಮೆರಿಕದಲ್ಲಿ ಕೊಲೆಸ್ಟ್ರಾಲ್ ಇರೋರಿಗೆ 8 ವಾರ ಕೊಟ್ಟು ನೋಡಿದಾಗ ಕೆಟ್ಟ ಕೊಲೆಸ್ಟ್ರಾಲ್ ಅಂದ್ರೆ ಎಲ್‌ಡಿಎಲ್ ಇಳಿಯೋ ಬದಲು ಸ್ವಲ್ಪ ಏರಿತ್ತು, ಕೆಲವರಿಗೆ ಮೈಮೇಲೆ ಗಂಧೆನೂ ಎದ್ದಿತ್ತು. ಮರದರಿಶಿನದಲ್ಲಿರೋ ಬರ್ಬೆರಿನ್ ಈಗ ಶುಗರಿಗೆ, ತೂಕಕ್ಕೆ ಅಂತ ಜೋರಾಗಿ ಮಾರಾಟ ಆಗ್ತಿದೆ, ಅದು ಮೇಲೆ ಹೇಳಿದ ಕಿಣ್ವವನ್ನ ತಡೆಯುತ್ತೆ, ಅಟೊರ್ವಾ ತಗೊಳ್ಳೋರು ಡಾಕ್ಟ್ರನ್ನ ಕೇಳದೆ ಮುಟ್ಟಬೇಡಿ. ವಿದೇಶದಲ್ಲಿರೋರು ಮನಸ್ಸಿನ ಬೇಸರಕ್ಕೆ ಅಂತ ತಗೊಳ್ಳೋ ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ ಉಲ್ಟಾ, ಅದು ಸ್ಟ್ಯಾಟಿನ್ ಮಟ್ಟಾನ ಇಳಿಸಿಬಿಡುತ್ತೆ. ಹಣ್ಣಲ್ಲಿ ಗ್ರೇಪ್‌ಫ್ರೂಟ್ ಸಿಪ್ 3ಎ4 ಕಿಣ್ವವನ್ನ ತಡೆಯುತ್ತೆ ಅಂತ ಎಲ್ಲಾ ಕಡೆ ಬರೆದಿರ್ತಾರೆ, ನಮ್ಮ ದೇವನಹಳ್ಳಿ ಚಕ್ಕೋತಾನೂ ಅದರ ಹತ್ತಿರದ ಸಂಬಂಧೀನೇ, ಅದೇ ಜಾತಿ ರಾಸಾಯನಿಕ ಅದರಲ್ಲೂ ಇದೆ, ಸಿಮ್ವಾ ಅಟೊರ್ವಾ ತಗೊಳ್ಳೋರು ಸೀಸನ್ ಬಂತು ಅಂತ ದಿನಾ ಜ್ಯೂಸ್ ಮಾಡ್ಕೊಂಡು ಕುಡಿಯೋದು ಬೇಡ.

ಇಸಬ್ಗೋಲ್ ಮಾತ್ರ ನಿಜವಾಗ್ಲೂ ಎಲ್‌ಡಿಎಲ್ ಸ್ವಲ್ಪ ಇಳಿಸುತ್ತೆ, ತಗೋಬಹುದು, ಆದ್ರೆ ಮಾತ್ರೆಗೂ ಅದಕ್ಕೂ ಕನಿಷ್ಠ 2 ಗಂಟೆ ಅಂತರ ಇಡಿ, ಇಲ್ಲಾಂದ್ರೆ ಆ ಅಂಟು ಮಾತ್ರೇನೂ ಹಿಡ್ಕೊಂಡುಬಿಡಬಹುದು, ನೀರೂ ಚೆನ್ನಾಗಿ ಕುಡೀರಿ.

ಇಷ್ಟೆಲ್ಲ ಕೇಳಿದ್ಮೇಲೂ ಏನಾದ್ರೂ ತಗೊಳ್ಳೋದು ಅಂತಿದ್ರೆ ಒಂದೊಂದಾಗಿ ಶುರು ಮಾಡಿ, ಮೂರ್ನಾಲ್ಕು ಒಟ್ಟಿಗೆ ಬೇಡ, ತೊಂದರೆ ಆದ್ರೆ ಯಾವುದರಿಂದ ಅಂತಾನೇ ಗೊತ್ತಾಗಲ್ಲ. ಶುರು ಮಾಡೋ ಮುಂಚೆ ಡಬ್ಬಿಯ ನಾಲ್ಕೂ ಕಡೆ ಫೋಟೋ ತೆಗೆದು ಡಾಕ್ಟ್ರಿಗೆ ತೋರಿಸಿ, "ಏನೋ ಆಯುರ್ವೇದಿಕ್ಕು ಸಾರ್" ಅಂದ್ರೆ ಅವರಿಗೇನೂ ತಿಳಿಯಲ್ಲ. ಲಿವರ್ ಟೆಸ್ಟ್ ಮುಂಚೆ ಒಂದ್ಸಲ, ಆಮೇಲೆ ಅವರು ಹೇಳಿದಾಗ ಇನ್ನೊಂದ್ಸಲ ಮಾಡಿಸಿ. ಆಯುರ್ವೇದ ವೈದ್ಯರ ಹತ್ರ ಹೋದಾಗ್ಲೂ ಸ್ಟ್ಯಾಟಿನ್ ಸ್ಟ್ರಿಪ್ ತಗೊಂಡೇ ಹೋಗಿ, ಒಬ್ರಿಗೆ ಹೇಳಿ ಒಬ್ರಿಗೆ ಮುಚ್ಚಿಡೋದ್ರಲ್ಲಿ ನಷ್ಟ ನಿಮಗೇ. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇಲ್ಲದ ಪುಡಿ ಬೇಡವೇ ಬೇಡ, 2008ರಲ್ಲಿ ಅಮೆರಿಕದೋರು ಇಂಟರ್ನೆಟ್ಟಲ್ಲಿ ಸಿಗೋ ಆಯುರ್ವೇದ ಔಷಧಿಗಳನ್ನ ಟೆಸ್ಟ್ ಮಾಡಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ತೊಡೆ, ಭುಜ ಎರಡೂ ಕಡೆ ಕಾರಣ ಇಲ್ಲದೆ ನೋವು, ಮೆಟ್ಟಿಲು ಹತ್ತೋಕಾಗದಷ್ಟು ಸುಸ್ತು ಆದ್ರೆ ಗಿಡಮೂಲಿಕೆ ನಿಲ್ಲಿಸಿ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ, ಕಣ್ಣು ಹಳದಿ ಆದ್ರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಇದ್ಯಾವುದೂ ಇಲ್ಲದೆ, ಬರೀ ಕಷಾಯ ಕುಡೀತಿದೀನಲ್ಲ ಅಂದ್ಕೊಂಡು ಸ್ಟ್ಯಾಟಿನ್ ಬಿಡೋದು ಮಾತ್ರ ಮಾಡಬೇಡಿ, ಅದ್ರಲ್ಲೂ ಸ್ಟೆಂಟ್ ಹಾಕಿಸ್ಕೊಂಡೋರು. 2022ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನೋರು ಬರೀ 5 ಮಿ.ಗ್ರಾಂ ರೋಸುವಾಸ್ಟಾಟಿನ್‌ನ ಬೆಳ್ಳುಳ್ಳಿ, ಅರಿಶಿನ, ಚಕ್ಕೆ, ಮೀನೆಣ್ಣೆ ಸಪ್ಲಿಮೆಂಟ್‌ಗಳ ಜೊತೆ ಇಟ್ಟು ನೋಡಿದ್ರು, 28 ದಿನಕ್ಕೆ ಮಾತ್ರೆ ತಗೊಂಡೋರ ಎಲ್‌ಡಿಎಲ್ ಸುಮಾರು 38% ಇಳಿದಿತ್ತು, ಸಪ್ಲಿಮೆಂಟ್ ಒಂದೂ ಡಮ್ಮಿ ಮಾತ್ರೆಗಿಂತ ಹೇಳ್ಕೊಳ್ಳೋ ಹಾಗೆ ಇಳಿಸಿರಲಿಲ್ಲ.