ನಕ್ಷೆಯಲ್ಲಿ ‘ಪಾಳು’ ಅಂತ ಬರೆದಿದ್ದ ಜಾಗ

ಹವಾಮಾನ ಬದಲಾವಣೆ ಎದುರಿಸಲು ಹಣ ಕೊಡುವ ನಿಧಿಗಳಿಗೆ ಯೋಜನೆ ಬರೆದುಕೊಡುವುದು ನನ್ನ ಕೆಲಸ. ಮೂಲನಿವಾಸಿಗಳ ಅಭಿಪ್ರಾಯ ಅಂದ್ರೆ ಮೊದಮೊದಲು ನನಗೆ ಕೊನೆಯಲ್ಲಿ ಸೇರಿಸುವ ಒಂದು ಅನುಬಂಧ, ಅಷ್ಟೇ. ಎಲ್ಲ ಬರೆದಾದ ಮೇಲೆ ಒಂದು ಸಭೆ. ಹಾಜರಿ ಪಟ್ಟಿಗೆ ಸಹಿ, ಹೆಬ್ಬೆಟ್ಟು. ಎರಡು ಫೋಟೋ. ಮುಗೀತು.

ಅಂಥದ್ದೇ ಒಂದು ಸಭೆಯಲ್ಲಿ ಸಿಕ್ಕಿಬಿದ್ದೆ. ಬರಪೀಡಿತ ಜಾಗದಲ್ಲಿ ಗಿಡ ನೆಡುವ ಯೋಜನೆ ಅದು. ನಕ್ಷೆಯನ್ನು ನೆಲದ ಮೇಲೆ ಹಾಸಿ ವಿವರಿಸುತ್ತಿದ್ದೆ. ಒಬ್ಬ ಅಜ್ಜಿ ಬಗ್ಗಿ, ನಾವು ಹಳದಿ ಬಳಿದು ‘ಪಾಳು’ ಅಂತ ಬರೆದಿದ್ದ ಕಡೆ ಬೆರಳಿಟ್ಟರು.

“ಇಲ್ಲಿಗೂ ಬೇಲಿ ಹಾಕ್ತೀರಾ?”

ಹೌದು ಅಂದೆ.

“ಮಳೆ ಕೈಕೊಟ್ಟ ವರ್ಷ ನಮ್ಮ ದನ ಉಳಿಯೋದೇ ಇಲ್ಲಿ.”

ಮಳೆ ಚೆನ್ನಾಗಿ ಆದ ವರ್ಷ ಅಲ್ಲಿಗೆ ಯಾರೂ ದನ ಬಿಡುವುದಿಲ್ಲವಂತೆ. ಅದಕ್ಕೇ ಉಪಗ್ರಹದ ಚಿತ್ರದಲ್ಲಿ ಖಾಲಿ ಕಂಡಿತ್ತು. ಬರಕ್ಕೆಂದೇ ಅವರು ಕಾಯ್ದುಕೊಂಡು ಬಂದ ಜಾಗಕ್ಕೆ, ಬರ ಎದುರಿಸುವ ಹಣದಲ್ಲೇ ನಾವು ಬೇಲಿ ಹಾಕಲು ಹೊರಟಿದ್ದೆವು!

ಬರೆದದ್ದನ್ನು ಬದಿಗಿಟ್ಟು ಮತ್ತೆ ಶುರು ಮಾಡಿದೆವು. ಈ ಸಲ ಖಾಲಿ ಹಾಳೆ ತೆಗೆದುಕೊಂಡು ಹೋದೆ. ನಕ್ಷೆ ಅವರೇ ಬಿಡಿಸಿದರು. ಹೆಂಗಸರ ಜೊತೆ ಬೇರೆಯಾಗಿ ಕೂತೆವು, ಯಾಕೆಂದರೆ ಗಂಡಸರ ಎದುರು ನೀರಿನ ವಿಷಯ ಬಾಯಿಗೆ ಬರಲೇ ಇಲ್ಲ. ಮಧ್ಯೆ ನಾವೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆವು. ಅವರು ತಮ್ಮ ಭಾಷೆಯಲ್ಲಿ ತಾವೇ ಮಾತಾಡಿಕೊಳ್ಳಬೇಕಲ್ವಾ?

ನಿಯಮಗಳೇನೂ ಇಲ್ಲ ಅಂತಲ್ಲ. ಮೂಲನಿವಾಸಿಗಳ ಹಕ್ಕುಗಳ ಬಗ್ಗೆ 2007ರ ವಿಶ್ವಸಂಸ್ಥೆಯ ಘೋಷಣೆ ಒತ್ತಾಯವಿಲ್ಲದ, ಮೊದಲೇ ಪಡೆದ, ವಿಷಯ ತಿಳಿದು ಕೊಟ್ಟ ಒಪ್ಪಿಗೆ ಬೇಕು ಅನ್ನುತ್ತದೆ. ಗ್ರೀನ್ ಕ್ಲೈಮೇಟ್ ಫಂಡ್ ಅನ್ನುವ ಅಂತರರಾಷ್ಟ್ರೀಯ ಹವಾಮಾನ ನಿಧಿ ಕೂಡ 2018ರಲ್ಲೇ ಮೂಲನಿವಾಸಿಗಳಿಗಾಗಿ ಪ್ರತ್ಯೇಕ ನೀತಿ ತಂದಿದೆ. ನಾನು ಹಾರಿಸಿಬಿಟ್ಟಿದ್ದು ‘ಮೊದಲೇ’ ಅನ್ನುವ ಪದವನ್ನು. ಹಾರಿಸಲು ಕಾರಣವೂ ಇತ್ತು. ಯೋಜನೆ ಬರೆಯುವ ಹಂತದಲ್ಲಿ ಸಭೆ, ಓಡಾಟ, ದುಭಾಷಿ, ಬಂದವರ ಒಂದು ದಿನದ ಕೂಲಿ, ಇದಕ್ಕೆಲ್ಲ ನಮ್ಮ ಬಜೆಟ್ಟಿನಲ್ಲಿ ಒಂದು ಸಾಲೂ ಇರಲಿಲ್ಲ. ಜಗಳ ಆಡಿಯೇ ಅದನ್ನು ಸೇರಿಸಬೇಕಾಯಿತು.

ಹಣ ಅವರ ಕೈಗೆ ಮುಟ್ಟಿಸುವುದು ಇನ್ನೂ ಕಷ್ಟ. 2021ರಲ್ಲಿ ಗ್ಲಾಸ್ಗೋದಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ಮೂಲನಿವಾಸಿಗಳಿಗೂ ಸ್ಥಳೀಯ ಸಮುದಾಯಗಳಿಗೂ 170 ಕೋಟಿ ಡಾಲರ್ ಕೊಡುವ ಮಾತಾಯಿತು. ಮೊದಲ ವರ್ಷ ಖರ್ಚಾದ ಹಣದಲ್ಲಿ ಅವರದೇ ಸಂಘಟನೆಗಳಿಗೆ ನೇರವಾಗಿ ಸಿಕ್ಕಿದ್ದು ಶೇ. 7 ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ನಮ್ಮಂಥ ಮಧ್ಯವರ್ತಿಗಳ ಮೂಲಕವೇ ಹೋಯಿತು. ನಮ್ಮ ಯೋಜನೆಯಲ್ಲಿ ಒಂದು ಭಾಗವನ್ನು ಅವರ ಸಮಿತಿಯೇ ಖರ್ಚು ಮಾಡಲಿ ಅಂತ ಬರೆದೆ. ಲೆಕ್ಕಪರಿಶೋಧಕರು ಪ್ರತಿಯೊಂದಕ್ಕೂ ರಸೀದಿ ಕೇಳಿದರು. ಎತ್ತಿನ ಗಾಡಿಯವನು ರಸೀದಿ ಎಲ್ಲಿಂದ ತರಬೇಕು? ಕೊನೆಗೆ ಕೆಲಸ ಮುಗಿದಷ್ಟಕ್ಕೆ ಕಂತು ಅನ್ನುವ ಲೆಕ್ಕಕ್ಕೆ ಇಬ್ಬರೂ ಒಪ್ಪಿದೆವು.

ನಿಧಿಯವರ ಪರಿಶೀಲನೆಯಲ್ಲಿ ಬಂದ ಮೊದಲ ಪ್ರಶ್ನೆ, ಗಿಡ ನೆಡುವ ಜಾಗ ಯಾಕೆ ಇಷ್ಟು ಕಡಿಮೆಯಾಯಿತು ಅಂತ. “ಅಲ್ಲಿ ಬೇಡ ಅಂದರು” ಅಂತ ಬರೆದು, ಅವರು ಬಿಡಿಸಿದ ನಕ್ಷೆಯನ್ನು ಲಗತ್ತಿಸಿ ಕಳಿಸಿದೆ. ಆ ಬಗ್ಗೆ ಮತ್ತೆ ಕೇಳಲಿಲ್ಲ.