ನನ್ನ ಹತ್ತಿರ ಎಷ್ಟಿದೆ, ಅದನ್ನು ಮೊದಲು ಹೇಳುತ್ತೇನೆ

2013ರಲ್ಲಿ ನಾನು ಮುಂಬೈನ ಫೋರ್ಟ್‌ನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಂಜೆ ಡೊಂಬಿವಲಿ ಲೋಕಲ್‌ನಲ್ಲಿ ಕೂತು ನಮ್ಮೂರಿನವರ ವಾಟ್ಸಾಪ್ ಗುಂಪಿಗೆ ಷೇರುಗಳ ಬಗ್ಗೆ ಕನ್ನಡದಲ್ಲಿ ಬರೆಯುವುದು ಅಭ್ಯಾಸ. ಒಂದು ದಿನ ನಾಲ್ಕು ರೂಪಾಯಿಯ ಒಂದು ಸಣ್ಣ ಕಂಪನಿಯ ಬಗ್ಗೆ ಬರೆದೆ. ಸಾಲ ತೀರಿಸಿದೆ, ಮಾರಾಟ ಏರುತ್ತಿದೆ ಎಂದೆ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. 3.10 ರೂಪಾಯಿಗೆ ಕೊಂಡ 20,000 ಷೇರು ನನ್ನ ಡಿಮ್ಯಾಟ್‌ನಲ್ಲಿ, ಅಂದರೆ ಷೇರು ಇಡುವ ಖಾತೆಯಲ್ಲಿ, ಇದೆ ಎಂಬುದನ್ನು ಮಾತ್ರ ಬರೆಯಲಿಲ್ಲ.

ದಿನವೂ ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಏರಬಹುದಾದ ಮಿತಿಯವರೆಗೂ ಬೆಲೆ ಏರುತ್ತಿತ್ತು. 5.55ಕ್ಕೆ ಎಲ್ಲವನ್ನೂ ಮಾರಿದೆ, 49 ಸಾವಿರ ಲಾಭ. ಎರಡು ದಿನ ಬಿಟ್ಟು ಮಾಟುಂಗದ ಹೋಟೆಲೊಂದರ ಕ್ಯಾಶಿಯರ್, ನಮ್ಮ ಗುಂಪಿನವರೇ, 5.85ಕ್ಕೆ 5,000 ಷೇರು ತಗೊಂಡರು. ಆಮೇಲೆ ಲೋವರ್ ಸರ್ಕ್ಯೂಟ್ ಶುರುವಾಯಿತು, ದಿನವೂ ಇಳಿಕೆಯ ಮಿತಿಯವರೆಗೆ ಬೆಲೆ ಬೀಳತೊಡಗಿತು. ಗಲ್ಲಾದ ಪಕ್ಕ ಮೊಬೈಲ್ ಇಟ್ಟು ನನಗೆ ತೋರಿಸಿದರು: ಮಾರುವವರ ಕಡೆ ಲಕ್ಷಗಟ್ಟಲೆ ಷೇರು, ಕೊಳ್ಳುವವರ ಕಡೆ ಸೊನ್ನೆ. ಬಿಲ್ ಚುಚ್ಚುವ ಕಂಬಿಯನ್ನು ಸುಮ್ಮನೆ ತಿರುಗಿಸುತ್ತಾ ಕೇಳಿದರು, "ನಿಮ್ಮ ಹತ್ರವೂ ಉಂಟಲ್ಲ ಮಾರಾಯ್ರೆ? ನೀವು ಇಟ್ಕೊಂಡಿದ್ದೀರಿ ಅಂತಲೇ ನಾನು ತಗೊಂಡದ್ದು."

ಮಾರಿಬಿಟ್ಟೆ ಎಂದು ಹೇಳಲು ನನಗೆ ಮೂರು ದಿನ ಬೇಕಾಯಿತು. ಕಡೆಗೆ ಅವರಿಗೆ ಸಿಕ್ಕಿದ ಬೆಲೆ 2.30. ನಷ್ಟ ತುಂಬಿಕೊಡಲು ಹೋದೆ, ತಗೊಳ್ಳಲಿಲ್ಲ.

2023ರ ಮಾರ್ಚ್‌ನಲ್ಲಿ ಸಾಧನಾ ಬ್ರಾಡ್‌ಕಾಸ್ಟ್ ಷೇರಿನ ವಿಷಯದಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಮಧ್ಯಂತರ ಆದೇಶ ಬಂತು. ಸುಳ್ಳು ಸುದ್ದಿಯ ಯೂಟ್ಯೂಬ್ ವಿಡಿಯೋಗಳಿಂದ ಬೆಲೆ ಏರಿಸಿ, ಏರಿದ ಮೇಲೆ ಮಾರಿದರು ಎಂಬ ಆರೋಪ ಅದರಲ್ಲಿತ್ತು. ಗೆಳೆಯರು "ಅದು ಮೋಸ, ನಿನ್ನದು ಹಾಗಲ್ಲ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕ್ಯಾಶಿಯರ್ ಕೊಳ್ಳುವಾಗ ಅವರಿಗೆ ತಿಳಿಯಲೇಬೇಕಿದ್ದ ಒಂದೇ ವಿಷಯವನ್ನು ನಾನು ಮುಚ್ಚಿಟ್ಟಿದ್ದೆ.

ಆ ಹೊತ್ತಿಗೆ ಷೇರು ವೃತ್ತಿಯವರಿಗಿರುವ ಎನ್‌ಐಎಸ್‌ಎಂ ಪರೀಕ್ಷೆ ಬರೆದು ಸೆಬಿಯಲ್ಲಿ ರಿಸರ್ಚ್ ಅನಲಿಸ್ಟ್, ಅಂದರೆ ಷೇರುಗಳ ಬಗ್ಗೆ ವರದಿ ಬರೆಯುವವನಾಗಿ, ನೋಂದಣಿ ಮಾಡಿಸಿಕೊಂಡಿದ್ದೆ. ವರದಿ ಪ್ರಕಟಿಸುವ 30 ದಿನ ಮೊದಲಿನಿಂದ ಪ್ರಕಟಿಸಿದ 5 ದಿನಗಳವರೆಗೆ ಆ ಷೇರಿನಲ್ಲಿ ನಾವು ವ್ಯವಹಾರ ಮಾಡುವಂತಿಲ್ಲ ಎಂದು 2014ರ ನಿಯಮಗಳಲ್ಲಿದೆ. ಕೆಲವೇ ರೂಪಾಯಿ ಬೆಲೆಯ ಪೆನ್ನಿ ಷೇರಿಗೆ ಐದು ದಿನ ಏನೇನೂ ಸಾಲದು. ಬೆಲೆ ಬೀಳುವಾಗ ಅದರಲ್ಲಿ ಸಿಕ್ಕಿಕೊಂಡವನಿಗೆ ಮಾರಿ ಹೊರಬರಲು ವಾರಗಳೇ ಹಿಡಿಯುತ್ತವೆ. ಹಾಗಾಗಿ ನನ್ನ ಅಭಿಪ್ರಾಯ ಬದಲಾದರೆ ಮೊದಲು ಓದುಗರಿಗೆ ಬರೆಯುತ್ತೇನೆ, ಒಂದು ತಿಂಗಳು ಕಾಯುತ್ತೇನೆ, ಆಮೇಲೆ ಮಾರುತ್ತೇನೆ. ಇದರಿಂದ ಎರಡು ಸಲ ನನಗೇ ನಷ್ಟವಾಗಿದೆ.

ನನ್ನ ಹತ್ತಿರ ಎಷ್ಟು ಷೇರಿದೆ ಎಂದು ಅಂಕಿ ಸಮೇತ ಹೇಳುವ ಅಭ್ಯಾಸ ಅಮೆರಿಕದ 1933ರ ಸೆಕ್ಯುರಿಟೀಸ್ ಕಾಯ್ದೆ ಓದಿ ಬಂದದ್ದು. ಹಣ ಪಡೆದು ಷೇರಿನ ಬಗ್ಗೆ ಬರೆಯುವವರು ಹಣ ಪಡೆದಿದ್ದೇವೆ ಎಂದರಷ್ಟೇ ಅಲ್ಲಿ ಸಾಲದು, ಎಷ್ಟು ಎಂದೂ ಹೇಳಬೇಕು. "ಲೇಖಕರ ಬಳಿ ಷೇರು ಇರಬಹುದು" ಎಂದು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಾಕುವುದನ್ನು ನಾನು ಬಚ್ಚಿಡುವುದು ಎಂದೇ ಎಣಿಸುತ್ತೇನೆ. ಇದೆಯೋ ಇಲ್ಲವೋ ಬರೆಯುವವನಿಗೆ ಗೊತ್ತಲ್ಲ! ನನ್ನ ಟಿಪ್ಪಣಿಯ ಮೊದಲ ಸಾಲಲ್ಲೇ ಷೇರಿನ ಸಂಖ್ಯೆ, ಕೊಂಡ ಬೆಲೆ, ಕೊಂಡ ತಿಂಗಳು ಇರುತ್ತದೆ. ಮನೆಯವರ ಹೆಸರಲ್ಲಿ ಇರುವುದೂ ಸೇರುತ್ತದೆ. ಯಾರಿಂದಲೂ ಹಣ ಪಡೆದಿಲ್ಲ ಎಂಬುದೂ ಅಲ್ಲೇ.

ಹಣದ ಆಸೆ ತೋರಿಸಿದವರೂ ಇದ್ದಾರೆ. ದಲಾಲ್ ಸ್ಟ್ರೀಟ್ ಹಿಂದಿನ ಚಹಾ ಅಂಗಡಿಯಲ್ಲಿ ಒಬ್ಬ, "ಒಂದು ವಾರ ಬರೆಯಿರಿ, ಷೇರನ್ನೇ ಕೊಡುತ್ತೇವೆ" ಎಂದ. ಆ ಮಾತನ್ನೂ ಮೊದಲ ಸಾಲಲ್ಲಿ ಹಾಕುತ್ತೇನೆ ಎಂದೆ. ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಇನ್ನೊಂದು ಲೆಕ್ಕವನ್ನೂ ತಪ್ಪದೆ ಮಾಡುತ್ತೇನೆ. ನನ್ನ ಓದುಗರಲ್ಲಿ ನೂರು ಜನ ಸಾವಿರ ಷೇರಿನಂತೆ ಕೊಂಡರೆ ಅದು ಆ ಷೇರಿನ ದಿನದ ವಹಿವಾಟನ್ನೇ ಮೀರುತ್ತದೆಯೇ? ಮೀರಿದರೆ ನನ್ನ ಬರಹವೇ ಬೆಲೆ ಏರಿಸುತ್ತದೆ; ಆಗ ಕಂಪನಿ ಎಷ್ಟೇ ಚೆನ್ನಾಗಿರಲಿ, ನಾನು ಬರೆಯುವುದಿಲ್ಲ.

ಕಳೆದ ತಿಂಗಳು ಒಂದು ಟಿಪ್ಪಣಿ ಕಳಿಸಿದೆ, ನನ್ನ ಬಳಿ 12,000 ಷೇರು ಎಂದು ಶುರುವಾಗಿತ್ತು. ಮಾಟುಂಗದಿಂದ ಫೋನ್ ಬಂತು. "ಓದಿದೆ. ನಿಮ್ಮ ಹತ್ರ ಅಷ್ಟು ಉಂಟಾದರೆ ನನಗೆ ಬೇಡ ಮಾರಾಯ್ರೆ."

"ಬೇಡ, ತಗೊಳ್ಳಬೇಡಿ" ಎಂದೆ.